ಅತ್ತೆ ಫಿನಾಯಿಲ್ ಬಿಟ್ಟದ್ದು

ನಮ್ಮ ಹಳ್ಳಿಯ ಕೊಳಚೆ ನೀರು ಕೆಟ್ಟುಹೋದದ್ದು ನನ್ನ ಅತ್ತೆಯ ಶುಚಿತ್ವದಿಂದ. ಇದನ್ನು ಉಡುಪಿ ಕಡೆಯ ನೆಂಟರಿಗೆ ಹೇಳಿದರೆ ನಗುತ್ತಾರೆ. ಕೊಳಚೆ ನೀರು ಕೆಡುವುದೆಂದರೇನು, ಕೆಟ್ಟ ಮೇಲೆಯೇ ಅಲ್ಲವೇ ಅದಕ್ಕೆ ಆ ಹೆಸರು ಬಂದದ್ದು ಎನ್ನುತ್ತಾರೆ. ನಾನೂ ಮೊದಲು ಹಾಗೆಯೇ ತಿಳಿದಿದ್ದೆ. ಈಗ ಯಾರಾದರೂ ಕೊಳಚೆ ನೀರಿನ ಬಗ್ಗೆ ಹಗುರವಾಗಿ ಮಾತಾಡಿದರೆ ನನಗೆ ಸಿಟ್ಟು ಬರುತ್ತದೆ. ಸಿಟ್ಟು ನನಗೆ ಬೇಗ ಬರುತ್ತದೆ, ಅದು ಬೇರೆ ಮಾತು.

ನಾವಿರುವುದು ವಡೋದರದಿಂದ ಸೂರತ್‌ಗೆ ಹೋಗುವ ರಸ್ತೆಯ ಪಕ್ಕದ ಒಂದು ಸಣ್ಣ ಹಳ್ಳಿಯಲ್ಲಿ. ಹಳ್ಳಿಯ ಬಾಯಿಯಲ್ಲೇ ನಮ್ಮ ಹೋಟೆಲು. ಅದರ ಮುಂಬಾಗಿಲಿನಲ್ಲಿ ನಿಂತರೆ ಲಾರಿ, ಬಸ್ಸು, ಕಾರುಗಳ ಗಲಾಟೆ. ಹಿಂಬಾಗಿಲಿನಲ್ಲಿ ನಿಂತರೆ ಎಮ್ಮೆಗಳು, ಬೇವಿನ ಮರ, ಊರಿನ ಕೆರೆ. ನನ್ನ ಗಂಡ ಸಣ್ಣ ಪ್ರಾಯದಲ್ಲೇ ಸೂರತ್‌ಗೆ ಬಂದು ಉಧ್ನಾದಲ್ಲಿ ಸೋದರಮಾವನ ಹೋಟೆಲಿನಲ್ಲಿ ದೋಸೆ ಹೊಯ್ಯುವುದರಿಂದ ಹಿಡಿದು ಎಲ್ಲ ಕೆಲಸವನ್ನೂ ಕಲಿತವರು. ಮದುವೆಯಾದ ಮೇಲೆ ಆ ಹೋಟೆಲಿನ ಮಾಳಿಗೆಯ ಮೇಲೆಯೇ ನಮ್ಮ ಸಂಸಾರ ನಡೆಯಿತು. ಆಮೇಲೆ ಇಲ್ಲಿ ಸ್ವಂತದ್ದು ಮಾಡಿಕೊಂಡೆವು. ಅವರು ಅಡುಗೆಮನೆ ನೋಡಿಕೊಳ್ಳುತ್ತಾರೆ, ನಾನು ಹಣದ ಗಲ್ಲಾದಲ್ಲಿ ಕೂರುತ್ತೇನೆ. ಅವರದು ಮಾತು ಕಡಿಮೆ. ಏನೇ ಬಂದರೂ "ನೋಡುವ" ಎನ್ನುತ್ತಾರೆ. ಮನೆಯಲ್ಲಿ ಬೇಕಾದ ಮಾತನ್ನೆಲ್ಲ ನಾನೂ ಅತ್ತೆಯೂ ಹಂಚಿಕೊಂಡಿದ್ದೇವೆ.

ಅತ್ತೆ ನನ್ನ ಮೊದಲ ಬಾಣಂತನಕ್ಕೆಂದು ಉಧ್ನಾಕ್ಕೆ ಬಂದವರು. ಆ ಮಗುವಿಗೆ ಈಗ ಮದುವೆಯಾಗಿದೆ. ಮದುವೆ, ಮುಂಜಿಗೆ ಬಿಟ್ಟರೆ ಅತ್ತೆ ಇನ್ನೂ ವಾಪಸು ಹೋಗಿಲ್ಲ.

ಅವರ ಮಡಿಯ ಬಗ್ಗೆ ಹೇಳದೆ ಮುಂದಿನ ಕತೆ ಹೇಳಲಾಗುವುದಿಲ್ಲ. ಗುಜರಾತಿಗೆ ಬಂದ ಲಾಗಾಯ್ತು ಅತ್ತೆ ತಮ್ಮ ಅಡುಗೆಕೋಣೆಯ ಹೊರಗೆ ಒಂದು ತುತ್ತು ತಿಂದವರಲ್ಲ. ಬೇರೆಯವರ ಮನೆಯದ್ದು ಹಾಗಿರಲಿ, ಮಗನ ಹೋಟೆಲಿನ ದೋಸೆಯನ್ನೂ ಮುಟ್ಟಿದವರಲ್ಲ. ಊರಿನವರು ಮದುವೆಗೆ ಕರೆದರೆ ಹೋಗುತ್ತಾರೆ, ಭಾಷೆ ಬಾರದಿದ್ದರೂ ಎಲ್ಲರನ್ನೂ ನಗುನಗುತ್ತಾ ಮಾತಾಡಿಸುತ್ತಾರೆ, ಒಂದು ಬಾಳೆಹಣ್ಣು ತೆಗೆದುಕೊಂಡು ಬರುತ್ತಾರೆ. ಬಾಳೆಹಣ್ಣಿಗೆ ಸಿಪ್ಪೆ ಇರುವುದರಿಂದ ಅದಕ್ಕೆ ಮೈಲಿಗೆ ತಾಗುವುದಿಲ್ಲವಂತೆ. ಮನೆಗೆ ಬಂದವರೇ ನೇರ ಬಚ್ಚಲಿಗೆ ಹೋಗಿ ತಲೆಗೆ ನೀರು ಹೊಯ್ದುಕೊಂಡ ಮೇಲೆಯೇ ಒಲೆಯ ಹತ್ತಿರ ಬರುವುದು. ಎಲ್ಲಿಗಾದರೂ ಹೊರಟರೆಂದರೆ ನಾನು ಸ್ನಾನದ ನೀರು ಕಾಯಲಿಕ್ಕಿಡುತ್ತೇನೆ, ಅದು ನಮ್ಮಲ್ಲಿ ರೂಢಿ. ನನಗೆ ಇದು ಒಂದು ದಿನವೂ ಸರಿ ಕಂಡದ್ದಿಲ್ಲ. ಪ್ರೀತಿಯಿಂದ ಕರೆದವರ ಮನೆಯಿಂದ ಬಂದು ಮೈ ತೊಳೆದುಕೊಳ್ಳುವುದು ಎಂತಹ ಮರ್ಯಾದೆ? ಒಂದೆರಡು ಸಲ ಹೇಳಿಯೂ ನೋಡಿದೆ. ಬಂಡೆಗೆ ಹೇಳಿದರೆ ಪ್ರತಿಧ್ವನಿಯಾದರೂ ಬರುತ್ತದೆ.

ನಮ್ಮ ಊರಿನ ಸರ್ಪಂಚ್, ಅಂದರೆ ಪಂಚಾಯಿತಿಯ ಅಧ್ಯಕ್ಷರು, ಒಬ್ಬ ಹೆಂಗಸು. ದೊಡ್ಡ ಮೈಕಟ್ಟು, ದೊಡ್ಡ ಗಂಟಲು, ಸೀರೆಯ ಸೆರಗನ್ನು ತಲೆಯ ಮೇಲಿಂದ ಜಾರದ ಹಾಗೆ ಹಲ್ಲಿನಲ್ಲಿ ಕಚ್ಚಿಕೊಂಡು ಸ್ಕೂಟರ್ ಓಡಿಸುತ್ತಾರೆ. ನಾವು ಅವರನ್ನು ಸರ್ಪಂಚ್ ಬೆನ್ ಎನ್ನುತ್ತೇವೆ; ಬೆನ್ ಎಂದರೆ ಇಲ್ಲಿ ಅಕ್ಕ, ತಂಗಿ. ಅವರ ಮಗನ ಮದುವೆಯಲ್ಲಿ ಅವರು ತಾವೇ ತಟ್ಟೆ ಹಿಡಿದುಕೊಂಡು ಬಂದು ಅತ್ತೆಯ ಮುಂದೆ ನಿಂತಿದ್ದರು. ಈ ಕಡೆ ಬೀಗರಿಗೆ, ದೊಡ್ಡವರಿಗೆ ಸಿಹಿಯನ್ನು ಕೈಯಾರೆ ಬಾಯಿಗಿಟ್ಟು ಒತ್ತಾಯ ಮಾಡುವ ಪದ್ಧತಿಯಿದೆ. ಮನ್ವಾರ್ ಎನ್ನುತ್ತಾರೆ. ಹಾಗೆ ಒತ್ತಾಯಿಸದಿದ್ದರೆ ಊಟ ಹಾಕಿದ ಹಾಗೆಯೇ ಅಲ್ಲ. ಅತ್ತೆ ಮುಖ ಸ್ವಲ್ಪ ಹಿಂದಕ್ಕೆ ತೆಗೆದುಕೊಂಡು, ಕೈ ಮುಗಿದು, ಬಾಳೆಹಣ್ಣು ತೋರಿಸಿದರು. ಸರ್ಪಂಚ್ ಬೆನ್ ನಕ್ಕು ಮುಂದೆ ಹೋದರು. ಆದರೆ ಆ ನಗೆಯ ಹಿಂದಿನ ನೋವು ನನಗೆ ಚೆನ್ನಾಗಿ ಕಂಡಿತು. ನಾನು ನೆಲ ನೋಡಿಕೊಂಡು ಕೂತೆ.

ಹೋಟೆಲಿನಲ್ಲಿ ತಿನ್ನದಿದ್ದರೂ ಹೋಟೆಲಿನ ಶುಚಿ ಮಾತ್ರ ಅತ್ತೆಯದ್ದೇ ಕಾರುಬಾರು. ಮಧ್ಯಾಹ್ನ ಊಟದ ಗದ್ದಲ ಮುಗಿಯುತ್ತಿದ್ದಂತೆ ಬೆತ್ತದ ಕುರ್ಚಿ ಹಾಕಿಸಿಕೊಂಡು ಅಡುಗೆಮನೆಯ ಬಾಗಿಲಲ್ಲಿ ಕೂರುತ್ತಿದ್ದರು. ಮೊದಲು ಕೊತಕೊತ ಕುದಿಯುವ ನೀರು, ಆಮೇಲೆ ಬ್ಲೀಚಿಂಗ್ ಪೌಡರ್, ಕೊನೆಗೆ ಫಿನಾಯಿಲ್. ನೆಲ, ಗೋಡೆ, ತೊಟ್ಟಿ, ಮೋರಿ ಯಾವುದನ್ನೂ ಬಿಡುವ ಹಾಗಿರಲಿಲ್ಲ. ನಮ್ಮ ಹುಡುಗರು ಆ ಹೊತ್ತಿಗೆ ಕಣ್ಣೊರೆಸಿಕೊಂಡು ಓಡಾಡುತ್ತಿದ್ದರು. ಗಿರಾಕಿಗಳು ಮಾತ್ರ ಒಳಗೆ ಬಂದವರೇ ಉಸಿರೆಳೆದು, "ಈ ರಸ್ತೆಯಲ್ಲಿ ಇಷ್ಟು ಚೊಕ್ಕಟದ ಹೋಟೆಲು ಬೇರೆ ಇಲ್ಲ" ಎಂದು ಹೊಗಳುತ್ತಿದ್ದರು. ಮಸಾಲೆದೋಸೆಯ ಪರಿಮಳಕ್ಕಿಂತ ಮೊದಲು ಆಸ್ಪತ್ರೆಯ ಪರಿಮಳ ಬರುವ ಹೋಟೆಲು ಅದೊಂದೇ ಇದ್ದಿರಬೇಕು.

ಇನ್ನು ಊರಿನ ನೀರಿನ ವಿಷಯ. ಮೊದಲು ಎಲ್ಲರ ಮನೆಯ ಬಚ್ಚಲು ನೀರೂ ನಮ್ಮ ಹೋಟೆಲಿನದ್ದೂ ತೆರೆದ ಚರಂಡಿಯಲ್ಲಿ ಹರಿದು ಕೆರೆ ಸೇರುತ್ತಿತ್ತು. ಸೊಳ್ಳೆ ಎಂದರೆ ಸೊಳ್ಳೆ. ಕೊನೆಕೊನೆಗೆ ಎಮ್ಮೆಗಳೂ ಕೆರೆಗೆ ಇಳಿಯಲು ಹಿಂದುಮುಂದು ನೋಡಹತ್ತಿದವು. ಆಗ ಸರ್ಪಂಚ್ ಬೆನ್ ತಾಲೂಕಿಗೂ ಜಿಲ್ಲೆಗೂ ಓಡಾಡಿ ಊರಿಗೊಂದು ನೀರು ಶುದ್ಧ ಮಾಡುವ ಏರ್ಪಾಟು ತಂದರು. ಅದನ್ನು ಮಾಡಿಸಲು ಅಹಮದಾಬಾದಿನಿಂದ ಒಬ್ಬಳು ಇಂಜಿನಿಯರ್ ಹುಡುಗಿ ಬಂದಳು. ನೋಡಿದರೆ ನಮ್ಮವಳೇ. ಅಪ್ಪ ಅಮ್ಮ ಮೈಸೂರು ಕಡೆಯವರು, ಅಹಮದಾಬಾದಿನ ಯಾವುದೋ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ಹುಡುಗಿ ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ.

"ಆಂಟಿ, ನನಗೆ ಕನ್ನಡ ಎಲ್ಲಾ ಸಮಝ್ ಆಗತ್ತೆ. ಬೋಲ್ನಾ ಮಾತ್ರ ಥೋಡಾ ಕಷ್ಟ," ಎಂದಳು ಮೊದಲ ದಿನ.

ಅವಳು ಆಚೆ ಹೋದ ಮೇಲೆ ಅತ್ತೆ, "ಊರಿನ ನೀರು ಶುದ್ಧ ಮಾಡುದು ಹಾಗಿರ್ಲಿ, ಮೊದಲು ಇವಳ ಕನ್ನಡವನ್ನು ಆ ಗುಂಡಿಯಲ್ಲಿ ಒಂದು ಸುತ್ತು ಬಿಟ್ಟು ತೆಗೀಬೇಕು," ಎಂದರು. ಆದರೂ ಹುಡುಗಿಗೆ ದಿನಾ ಅವರ ಅಡುಗೆಕೋಣೆಯಿಂದ ಮೊಸರನ್ನ ತಪ್ಪದೆ ಹೋಗುತ್ತಿತ್ತು.

ಏರ್ಪಾಟು ನೋಡಲು ಏನೂ ದೊಡ್ಡದಲ್ಲ. ಪ್ರತಿ ಮನೆಯಿಂದ ಒಂದು ಪೈಪು. ಎಲ್ಲ ಪೈಪುಗಳೂ ಹೋಗಿ ಮುಚ್ಚಿದ ಒಂದು ತೊಟ್ಟಿಗೆ ಸೇರುತ್ತವೆ. ಗಟ್ಟಿ ಬಗ್ಗಡ ಅಲ್ಲಿ ತಳಕ್ಕೆ ಕೂರುತ್ತದೆ. ಮೇಲಿನ ನೀರು ಜಲ್ಲಿ ತುಂಬಿದ, ತೋಟದ ಪಾತಿಯಂತಹ ಉದ್ದನೆಯ ಒಂದು ಮಡಿಗೆ ಹೋಗುತ್ತದೆ. ಜಲ್ಲಿಯ ಮೇಲೆ ಕಾಬಾಳೆ ಹೂವಿನ ಗಿಡ, ಜೊಂಡು, ಅಂಚಿನಲ್ಲಿ ಕೆಸು. ನೀರು ಬೇರುಗಳ ನಡುವೆ ಮೆಲ್ಲಗೆ ದಾಟಿ ಆ ಕಡೆ ತಿಳಿಯಾಗಿ ಕೆರೆಗೆ ಬೀಳುತ್ತದೆ. ಕೆರೆಯ ನೀರು ಮೇವಿನ ಹೊಲಕ್ಕೆ. ಯಂತ್ರವೂ ಇಲ್ಲ, ಸದ್ದೂ ಇಲ್ಲ. ಕೆಸು ಕಂಡದ್ದೇ ಅತ್ತೆ, "ಪತ್ರೊಡೆಗೆ ಆಗ್ತದಲ್ಲ," ಎಂದರು. ಹುಡುಗಿ ಎರಡೂ ಕೈ ಆಡಿಸಿ ಬೇಡ ಬೇಡ ಎಂದಳು.

ಶುರುವಿಗೆ ಎಲ್ಲ ಚೆನ್ನಾಗಿತ್ತು. ಕಾಬಾಳೆ ಕೆಂಪಗೆ, ಹಳದಿಯಾಗಿ ಬಿಟ್ಟಿತು. ಹೆಂಗಸರು ಸಂಜೆ ಅಲ್ಲಿ ಬಂದು ಕೂರತೊಡಗಿದರು. ಅಕ್ಕಪಕ್ಕದ ಊರಿನವರು ನೋಡಲು ಬಂದರೆ ಸರ್ಪಂಚ್ ಬೆನ್ ಸ್ವಂತ ಮೊಮ್ಮಗುವನ್ನು ತೋರಿಸುವ ಹಾಗೆ ತೋರಿಸುತ್ತಿದ್ದರು. ಮಳೆಗಾಲ ಮುಗಿದು ರಸ್ತೆಯಲ್ಲಿ ಓಡಾಟ ಹೆಚ್ಚಿ ನಮ್ಮ ವ್ಯಾಪಾರ ಏರುತ್ತಿದ್ದಂತೆ ವಾಸನೆ ಶುರುವಾಯಿತು. ಕೊಳೆತ ಮೊಟ್ಟೆಯ ವಾಸನೆ. ತೊಟ್ಟಿಯ ಹತ್ತಿರ ನಿಂತರೆ ತಲೆ ಸುತ್ತುತ್ತಿತ್ತು. ಕಾಬಾಳೆಯ ಎಲೆಯಂಚು ಕಂದಿತು, ಕೆರೆಗೆ ಬೀಳುವ ನೀರು ಬೂದುಬಣ್ಣಕ್ಕೆ ತಿರುಗಿತು.

ಯಾರ ತಪ್ಪು ಎಂದು ಹುಡುಕುತ್ತಿರುವಾಗಲೇ ನಾವು ಮೈದುನನ ಮಗಳ ಮದುವೆಗೆಂದು ಹೋಟೆಲು ಮುಚ್ಚಿ ಉಡುಪಿಗೆ ಹೋದೆವು. ಅಡುಗೆಯ ಭಟ್ಟರೂ ಹುಡುಗರೂ ಅವರವರ ಊರಿಗೆ ಹೋದರು. ನಾವು ತಿರುಗಿ ಬಂದು ಬೀಗ ತೆಗೆದ ಸ್ವಲ್ಪ ದಿನಕ್ಕೆ ಸರ್ಪಂಚ್ ಬೆನ್ ಸ್ಕೂಟರ್ ನಿಲ್ಲಿಸಿ ಒಳಗೆ ಬಂದರು. ಎಂದಿನ ಹಾಗೆ ಇಡ್ಲಿ ತರಿಸಿಕೊಂಡು, ಎಂದಿನ ಹಾಗೆ ಸಾಂಬಾರಿಗೆ ಇನ್ನೂ ಬೆಲ್ಲ ಬೇಕಿತ್ತು ಎಂದು ದೂರಿ, ಪೂರ್ತಿ ತಿಂದು, ಕೈ ತೊಳೆದುಕೊಂಡು ನನ್ನ ಗಲ್ಲಾದ ಮುಂದೆ ನಿಂತರು.

"ನೀವು ಊರಲ್ಲಿಲ್ಲದಾಗ ವಾಸನೆ ಇರಲಿಲ್ಲ ಬೆನ್. ನೀವು ಬಂದಿರಿ, ಅದೂ ಬಂತು. ಆ ನ ಚಾಲೆ." ಹೀಗೆ ನಡೆಯುವುದಿಲ್ಲ ಎಂದು ಅದರ ಅರ್ಥ. ಅವರು ನಗದೆ ಆ ಮಾತು ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಉತ್ತರಾಯಣದ, ಅಂದರೆ ನಮ್ಮ ಸಂಕ್ರಾಂತಿಯ, ಹಬ್ಬದ ಒಳಗೆ ಸರಿಯಾಗದಿದ್ದರೆ ನಿಮ್ಮ ಪೈಪಿಗೆ ಸಿಮೆಂಟು ತುಂಬಿಸುತ್ತೇವೆ, ಪಂಚಾಯಿತಿಯಲ್ಲಿ ಎಲ್ಲರೂ ಸೇರಿ ಮಾತಾಡಿಕೊಂಡಾಗಿದೆ ಎಂದರು. ತಪ್ಪೇನೂ ಇರಲಿಲ್ಲ. ಊರೆಲ್ಲ ಮೂಗು ಮುಚ್ಚಿಕೊಂಡು ನಮ್ಮ ಇಡ್ಲಿಯ ಸಲುವಾಗಿ ಬದುಕಬೇಕೇ?

ಪೈಪು ಮುಚ್ಚಿದರೆ ಹೋಟೆಲಿನ ಬಾಗಿಲು ಮುಚ್ಚಿದ ಹಾಗೆಯೇ. ಅಷ್ಟು ಪಾತ್ರೆ ತೊಳೆದ ನೀರನ್ನು ಎಲ್ಲಿಗೆ ಬಿಡುವುದು? ನನ್ನ ಗಂಡ "ನೋಡುವ" ಎಂದರು. ಆದರೆ ಆ ಸಂಜೆ ಕಾಫಿ ಲೋಟ ಹಿಡಿದುಕೊಂಡು ಕುಡಿಯುವುದನ್ನೇ ಮರೆತು ಕೂತಿದ್ದರು. ಸ್ವಂತ ಹೆಸರಿನ ಬೋರ್ಡು ಹಾಕಬೇಕೆಂದು ಎಷ್ಟು ವರ್ಷ ಬೇರೆಯವರ ಕಾವಲಿಯ ಮುಂದೆ ಬೆಂದವರು ಅವರು.

ಮೊದಲು ನನ್ನ ಗಂಡ ತುಪ್ಪ, ಎಣ್ಣೆಯ ಮೇಲೆ ಅನುಮಾನಪಟ್ಟರು. ಜಿಡ್ಡು ತಡೆಯುವ ಒಂದು ತೊಟ್ಟಿ ಕಟ್ಟಿಸಿದರು. ಎಂಜಲೆಲೆ, ಚಟ್ನಿ, ಹುಳಿಹಿಟ್ಟು ಯಾವುದೂ ಮೋರಿಗೆ ಹೋಗದ ಹಾಗೆ ಜರಡಿ ಹಾಕಿಸಿದರು. ವಾಸನೆ ಒಂದು ಎಳೆಯೂ ಕಡಿಮೆಯಾಗಲಿಲ್ಲ. ಇತ್ತ ಅತ್ತೆ ಸುಮ್ಮನೆ ಕೂತಿರುತ್ತಾರೆಯೇ? ಮಗನ ಮುಖ ನೋಡಿ ಅವರಿಗೂ ಚಿಂತೆ ಹತ್ತಿತು. ವಾಸನೆ ಬಂದರೆ ಮದ್ದು ಜಾಸ್ತಿ ಹಾಕಬೇಕು, ಅಷ್ಟೇ ಅಲ್ಲವೇ? ಎರಡರಷ್ಟು ಬ್ಲೀಚಿಂಗ್ ಪೌಡರ್ ಹಾಕಿಸಿದರು. ವಾಸನೆ ಏರಿತು. ಇನ್ನಷ್ಟು ಹಾಕಿಸಿದರು. ಫಿನಾಯಿಲ್ ಡಬ್ಬಗಳು ಎಣ್ಣೆ ಡಬ್ಬಗಳಿಗಿಂತ ಬೇಗ ಖಾಲಿಯಾಗತೊಡಗಿದವು.

ಇಂಜಿನಿಯರ್ ಹುಡುಗಿಗೆ ಫೋನು ಮಾಡಿದೆವು. ಅವಳು ಬಂದದ್ದು ಸರಿಯಾಗಿ ಅತ್ತೆಯ ಕುರ್ಚಿ ಹಾಕುವ ಹೊತ್ತಿಗೆ. ಹಿತ್ತಲಿನ ಮೋರಿ ಚೇಂಬರಿನ ಮುಚ್ಚಳ ಎತ್ತಿಸಿ ಬಗ್ಗಿ ನೋಡಿದಳು. ಹಾಲಿನ ಹಾಗೆ ಬೆಳ್ಳಗಿನ ನೀರು ಹೊಗೆಯಾಡುತ್ತಾ ಹರಿದು ಬಂತು. ಕಣ್ಣು ಉರಿದು ಹಿಂದೆ ಸರಿದಳು.

"ಆಂಟಿ, ಇದು ಯಾರು ಹಾಕೋದು?"

ನಾನು ಬಾಯಿ ಬಿಡುವ ಮೊದಲೇ ಅತ್ತೆ ಹೆಮ್ಮೆಯಿಂದ, "ನಾನು," ಎಂದರು.

"ಅಜ್ಜಿ, ಆ ಟ್ಯಾಂಕ್‌ನಲ್ಲಿ ಕೀಡೆ ಇದಾವೆ. ಬಹುತ್ ಚಿಕ್ಕ ಚಿಕ್ಕ. ಅವೇ ಗಂದಗಿ ಎಲ್ಲಾ ತಿನ್ನೋದು. ನೀವು ರೋಜ್ ಇದು ಹಾಕಿ ಅವನ್ನ ಮಾರ್ ದಿಯಾ."

"ಹುಳ ಸತ್ತರೆ ಒಳ್ಳೆಯದೇ ಅಲ್ವಾ? ಅದಕ್ಕೇ ಹಾಕಿದ್ದು!"

ಹುಡುಗಿ ಹಿಂದಿಯಲ್ಲಿ ಒಂದಿಷ್ಟು, ಇಂಗ್ಲಿಷಿನಲ್ಲಿ ಒಂದಿಷ್ಟು ವಿವರಿಸಿದಳು. ಅತ್ತೆಗೆ ಕೀಡೆ ಎನ್ನುವ ಒಂದು ಶಬ್ದ ಬಿಟ್ಟು ಬೇರೇನೂ ಕಿವಿಗೆ ಹೋಗಲಿಲ್ಲ. ತಮ್ಮ ಹೋಟೆಲಿನ ಹಿಂದೆ ಹುಳ ಸಾಕಿದ್ದಾರೆಂದು ಗಾಬರಿಯಾದರು. ಇಬ್ಬರ ನಡುವೆ ಸಿಕ್ಕಿ ನನಗೆ ತಲೆ ಕೆಟ್ಟಿತು.

"ಅತ್ತೆ, ಹುಳ ಅಲ್ಲ, ಹೆಪ್ಪು ಅಂತ ತಿಳ್ಕೊಳ್ಳಿ," ಎಂದು ಜೋರಾಗಿಯೇ ಹೇಳಿದೆ. "ಮೊಸರಿಗೆ ಹೆಪ್ಪು ಹಾಕುದಿಲ್ವಾ? ಅದರಲ್ಲಿ ಜೀವ ಇರ್ತದೆ. ಕುದಿಯುವ ಹಾಲಿಗೆ ಹೆಪ್ಪು ಹಾಕಿದ್ರೆ ಎಂತ ಆಗ್ತದೆ? ಹೆಪ್ಪು ಸಾಯ್ತದೆ, ಹಾಲು ಒಡೆದು ನಾತ ಬರ್ತದೆ. ಆ ತೊಟ್ಟಿಯಲ್ಲಿಯೂ ಹಾಗೇ. ಕೊಳೆಯನ್ನು ತಿಂದು ನೀರು ಮಾಡುವ ಹೆಪ್ಪು ಉಂಟು. ನೀವು ದಿನಾ ಕುದಿಯುವ ನೀರು, ಫಿನಾಯಿಲ್ ಹಾಕಿ ಅದನ್ನು ಕೊಂದಿದ್ದೀರಿ. ಊರೆಲ್ಲ ನಾರುದು ಅದಕ್ಕೆ."

ಅತ್ತೆ ಎದ್ದು ಒಳಗೆ ಹೋದರು. ರಾತ್ರಿ ಊಟಕ್ಕೆ ಬರಲಿಲ್ಲ.

ಬೆಳಿಗ್ಗೆಯೂ ಮಂಕಾಗಿಯೇ ಇದ್ದರು. ಮಗ ಕೋಣೆಯ ಬಾಗಿಲಿನವರೆಗೆ ಹೋಗುವುದು, ಕೆಮ್ಮುವುದು, ವಾಪಸು ಬರುವುದು. ತಾಯಿಗೆ ಫಿನಾಯಿಲ್ ಬಿಡಿ ಎಂದು ಹೇಳುವುದೆಂದರೆ ದೇವರ ಪೂಜೆ ಬಿಡಿ ಎಂದ ಹಾಗೆ ಅವರಿಗೆ. ನನಗೂ ಪಾಪ ಅನ್ನಿಸಿತು. ಪರದೇಶದಲ್ಲಿ ಗೊತ್ತಿಲ್ಲದ ಭಾಷೆಯ ನಡುವೆ ಈ ಮುದುಕಿ ತನ್ನದೆಂದು ಹಿಡಿದುಕೊಂಡಿದ್ದದ್ದು ಅದೊಂದನ್ನೇ: ನಾವು ಚೊಕ್ಕಟದ ಜನ. ಅದರಿಂದಲೇ ಊರು ನಾರಿತು ಎಂದರೆ ಹೇಗೆ ತಡೆದುಕೊಳ್ಳುತ್ತಾರೆ? ಆದರೂ ಅವರು ಒಪ್ಪದೆ ಹೋಟೆಲು ಉಳಿಯುವ ಹಾಗಿರಲಿಲ್ಲ.

ಮಧ್ಯಾಹ್ನ ಕುರ್ಚಿಯ ಹೊತ್ತಾಯಿತು. ಅತ್ತೆ ಬಂದರು, ಕೂರಲಿಲ್ಲ. ಹುಡುಗರು ಬಿಸಿನೀರಿನ ಹಂಡೆ ಹಿಡಿದು ಕಾಯುತ್ತಿದ್ದರು. ಅತ್ತೆ ನನ್ನ ಕಡೆ ತಿರುಗಿ ಕೇಳಿದರು, "ನಮ್ಮ ಮನೆಯಲ್ಲಿ ಹೆಪ್ಪು ಸತ್ತರೆ ನಾವು ಎಂತ ಮಾಡುದು?"

"ಆಚೆ ಮನೆಯಿಂದ ತರುದು," ಎಂದೆ.

"ಮತ್ತೆ ಇದಕ್ಕೆ ಎಲ್ಲಿಂದ ತರುದು? ಕೇಳು ಆ ಹುಡುಗಿಯ ಹತ್ತಿರ."

ನಾನು ಫೋನು ಹಚ್ಚಿದೆ. ಹುಡುಗಿ ಸಗಣಿಯ ಬಗ್ಗಡ ಕಲಸಿ ಕೆಲವು ದಿನ ತೊಟ್ಟಿಗೆ ಹೊಯ್ಯಿರಿ ಎಂದಳು. ಕೇಳಿದ್ದೇ ಅತ್ತೆಯ ಮುಖ ದೀಪ ಹಚ್ಚಿದ ಹಾಗಾಯಿತು.

"ಸಗಣಿಯಾ! ಅದನ್ನು ಮೊದಲೇ ಹೇಳುದಲ್ವಾ ಆ ಹುಡುಗಿ! ಕೀಡೆ ಕೀಡೆ ಅಂತ ಹೆದರಿಸಿದ್ಳು. ಸಗಣಿ ಹಾಕುದಾದ್ರೆ ಅದು ಶುದ್ಧವೇ ಅಲ್ವಾ?"

ನೋಡಿ, ಇಷ್ಟೇ. ಹುಡುಗಿಯ ಓದಿನಿಂದ ಆಗದ್ದು, ನನ್ನ ಕೂಗಾಟದಿಂದ ಆಗದ್ದು, ಒಂದು ಬುಟ್ಟಿ ಸಗಣಿಯಿಂದ ಆಯಿತು. ಬ್ಲೀಚಿಂಗ್ ಪೌಡರು ನಿನ್ನೆ ಮೊನ್ನೆ ಬಂದದ್ದು. ಸಗಣಿ ಅವರ ಅಜ್ಜಿಯ ಕಾಲದಿಂದ ಅಂಗಳ ಸಾರಿಸಿದ್ದು. ಎಮ್ಮೆಯದಾದರೂ ನಡೆಯುತ್ತದೆ ಎಂದು ಹುಡುಗಿ ಹೇಳಿದ್ದಳು. ಅತ್ತೆ ಕೇಳಲಿಲ್ಲ, ದನದ್ದೇ ಆಗಬೇಕು. ಎಮ್ಮೆಗಳೇ ತುಂಬಿದ ಆ ಊರಿನಲ್ಲಿ ಹತ್ತಿರದಲ್ಲಿ ದನವಿದ್ದದ್ದು ಸರ್ಪಂಚ್ ಬೆನ್ ಮನೆಯಲ್ಲಿ. ಅತ್ತೆ ತಾವೇ ಬಕೆಟು ಹಿಡಿದು ಹೊರಟರು. ಮಗ "ಅಮ್ಮ, ಹುಡುಗರು ತರ್ತಾರೆ" ಎಂದು ಹಿಂದೆ ಓಡಿದರೆ, "ಹೆಪ್ಪು ಕೇಳ್ಲಿಕ್ಕೆ ಮನೆಯ ಹೆಂಗಸೇ ಹೋಗ್ಬೇಕು ಮಾಣಿ," ಎಂದರು. ಅರವತ್ತರ ಹತ್ತಿರ ಬಂದ ಮಗ ಅವರಿಗೆ ಈಗಲೂ ಪುಟ್ಟ ಮಾಣಿಯೇ.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎನ್ನುವ ಗಾದೆ ಸುಳ್ಳಲ್ಲ. ಇಷ್ಟು ವರ್ಷ ಯಾರ ದನದ ಹಟ್ಟಿಗೂ ಕಾಲಿಡದ ಅತ್ತೆ ಆವತ್ತಿನಿಂದ ದಿನಾ ಬೆಳಿಗ್ಗೆ ಸರ್ಪಂಚ್ ಬೆನ್ ಕೊಟ್ಟಿಗೆಯಲ್ಲಿ. ಇವರಿಗೆ ಗುಜರಾತಿ ಬಾರದು, ಅವರಿಗೆ ಕನ್ನಡ ಬಾರದು. ಆದರೂ ಬಕೆಟು ತುಂಬುವಷ್ಟು ಹೊತ್ತು ಇಬ್ಬರೂ ಸೊಸೆಯರ ಬಗ್ಗೆ ಮಾತಾಡುತ್ತಿದ್ದರು ಎನ್ನುವುದು ನನ್ನ ಗಟ್ಟಿ ಅನುಮಾನ. ಅಲ್ಲಿಂದ ತೊಟ್ಟಿಯ ಹತ್ತಿರ ಬಂದು, ನೀರು ಬೆರೆಸಿ ಕೋಲಿನಿಂದ ಕಲಸಿ, ಮುಚ್ಚಳ ತೆಗೆಸಿ ಹೊಯ್ಯಿಸುತ್ತಿದ್ದರು. ಒಂದು ಸಲ ನಾನು ಹಿಂದೆ ನಿಂತಿದ್ದು ಗೊತ್ತಾಗದೆ ಒಳಗೆ ಬಗ್ಗಿ, "ಉಂಡ್ರಾ ಮಕ್ಕಳೇ?" ಎಂದು ಕೇಳಿದರು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಓಡಿ ಬಂದೆ.

ನೆಲಕ್ಕೆ ಈಗ ಅಂಟುವಾಳದ ನೀರು. ನಮ್ಮೂರಿನ ಅಂಟುವಾಳಕ್ಕೆ ಇಲ್ಲಿ ಅರೀಠಾ ಎನ್ನುತ್ತಾರೆ, ವಡೋದರದ ಗ್ರಂಧಿಗೆ ಅಂಗಡಿಯಲ್ಲಿ ಚೀಲಗಟ್ಟಲೆ ಸಿಗುತ್ತದೆ. ಭಟ್ಟರು ಒಂದೆರಡು ಸಲ ಜಾರಿ ಬೀಳುವುದರಲ್ಲಿದ್ದು ಗೊಣಗಿದರು. ಹುಡುಗರು ಮಾತ್ರ ಕಣ್ಣುರಿ ತಪ್ಪಿತೆಂದು ಖುಷಿಯಾಗಿ ಉಜ್ಜಿದರು. ಒಬ್ಬ ಹೊಸಬ ಅಭ್ಯಾಸಬಲದಿಂದ ಎಲ್ಲೋ ಉಳಿದಿದ್ದ ಫಿನಾಯಿಲ್ ಡಬ್ಬ ತೆಗೆದದ್ದನ್ನು ನೋಡಿ ಅತ್ತೆ ಕೂಗಿದ ಕೂಗಿಗೆ ಊಟ ಮಾಡುತ್ತಿದ್ದ ಗಿರಾಕಿಗಳು ಎದ್ದು ನಿಂತರು. "ವಿಷ ಹಾಕ್ತಿಯಾ? ಅಲ್ಲಿ ಜೀವಗಳು ಉಣ್ತಾ ಉಂಟು!"

ಚಳಿಗಾಲವಾದ್ದರಿಂದ ಹೆಪ್ಪು ಹಿಡಿಯುವುದು ನಿಧಾನ ಎಂದು ಹುಡುಗಿ ಮೊದಲೇ ಹೇಳಿದ್ದಳು. ನಮ್ಮ ಮನೆಯ ಮೊಸರೂ ಆ ಚಳಿಗೆ ಕೂರುತ್ತಿರಲಿಲ್ಲ, ಹಾಗಾಗಿ ಅತ್ತೆಗೆ ಅದು ಅರ್ಥವಾಯಿತು. ನನ್ನ ಗಂಡ ಎದ್ದ ಕೂಡಲೇ ಹಿಂಬಾಗಿಲು ತೆರೆದು ಮೂಗೆತ್ತಿ ನಿಲ್ಲುತ್ತಿದ್ದರು. ವಾಸನೆ ದಿನಾ ಇತ್ತು. ಆಮೇಲೆ ಗಾಳಿ ಬಂದಾಗ ಮಾತ್ರ ಇತ್ತು. ಆಮೇಲೆ ಒಂದು ದಿನ ಅವರು ನನ್ನನ್ನು ಕರೆದು, "ನೀನು ನೋಡು, ನನ್ನ ಮೂಗಿನ ಮೇಲೆ ನನಗೆ ನಂಬಿಕೆ ಇಲ್ಲ," ಎಂದರು. ನಾನು ತೊಟ್ಟಿಯ ಹತ್ತಿರವೇ ಹೋಗಿ ಉಸಿರೆಳೆದೆ. ಒದ್ದೆ ಮಣ್ಣಿನ ವಾಸನೆ, ಮೇಲಿಂದ ಚೂರು ಸಗಣಿ. ಕಾಬಾಳೆಯಲ್ಲಿ ಹೊಸ ಸುರುಳಿ ಎಲೆ ಮೂಡಿತ್ತು.

ಸರ್ಪಂಚ್ ಬೆನ್ ಸುಲಭಕ್ಕೆ ಒಪ್ಪುವವರಲ್ಲ. "ನಿಮ್ಮ ಮೂಗಿಗೆ ಸರಿ. ಊರಿನ ಮೂಗಿಗೆ?" ಎಂದರು. ಪಂಚಾಯಿತಿಯಲ್ಲಿ ಇನ್ನೂ ಸಿಮೆಂಟಿನ ಮಾತಾಡುವವರು ಇದ್ದರು. ಕೊನೆಗೆ ಅವರೇ ಒಂದು ಉಪಾಯ ಹೇಳಿದರು. ಉತ್ತರಾಯಣದ ಮರುದಿನ, ಇಲ್ಲಿಯವರು ವಾಸಿ ಉತ್ತರಾಯಣ ಎನ್ನುವ ದಿನ, ಊರಿಗೆಲ್ಲ ತೊಟ್ಟಿಯ ಪಕ್ಕದಲ್ಲೇ ಊಟ. ಅಲ್ಲಿ ಕೂತು ಜನರ ಗಂಟಲಲ್ಲಿ ತುತ್ತು ಇಳಿದರೆ ಪೈಪು ಉಳಿಯಿತು, ಇಳಿಯದಿದ್ದರೆ ಸಿಮೆಂಟು. ಪಂಚಾಯಿತಿಯವರು ಹ್ಞೂಂ ಎಂದರು. ನನ್ನ ಗಂಡ "ನೋಡುವ" ಎಂದರು.

ಹಬ್ಬದ ದಿನ ಗಾಳಿಪಟದ ಗದ್ದಲದಲ್ಲಿ ಕಳೆಯಿತು. ಮರುದಿನ ಜಲ್ಲಿಮಡಿಯ ಉದ್ದಕ್ಕೂ ಜಮಖಾನ ಹಾಸಿದರು. ಊರಿನವರದ್ದು ಉಂಧಿಯೂ ಎನ್ನುವ ತರಕಾರಿ ಪಲ್ಯ, ಪೂರಿ, ಜಿಲೇಬಿ. ನಮ್ಮದು ಇಡ್ಲಿ, ಸಾಂಬಾರು, ಪತ್ರೊಡೆ. ಇಲ್ಲಿಯವರೂ ಅದೇ ಕೆಸುವಿನ ಎಲೆಗೆ ಕಡಲೆಹಿಟ್ಟು ಸವರಿ ಪಾತ್ರಾ ಮಾಡುತ್ತಾರಾದ್ದರಿಂದ ಎಲ್ಲರಿಗೂ ಅದು ಗೊತ್ತು. ಗೊತ್ತಿದ್ದೇ ಫಜೀತಿಯಾಯಿತು. ಎಲ್ಲರೂ ಒಮ್ಮೆ ತಟ್ಟೆ ನೋಡಿದರು, ಒಮ್ಮೆ ಮಡಿಯ ಅಂಚಿನ ಕೆಸು ನೋಡಿದರು. ಈ ಎಲೆ ಸೂರತ್ ಮಾರ್ಕೆಟ್ಟಿನದ್ದು ಎಂದು ನಾನು ಗಂಟಲು ಹರಿಯುವ ಹಾಗೆ ಕೂಗಿ ಹೇಳಬೇಕಾಯಿತು.

ಬಡಿಸಿಯಾಯಿತು. ಯಾರೂ ಕೈ ಹಾಕಲಿಲ್ಲ. ವಾಸನೆ ಇರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆದರೆ ಕೊಳಚೆ ತೊಟ್ಟಿಯ ಪಕ್ಕ ಕೂತಿದ್ದೇವೆ ಎನ್ನುವುದು ತಲೆಯಲ್ಲಿ ಕೂತಿತ್ತು. ಇಂಜಿನಿಯರ್ ಹುಡುಗಿ ತುಟಿ ಕಚ್ಚಿಕೊಂಡು ನಿಂತಿದ್ದಳು. ತುಂಡಾದ ಗಾಳಿಪಟಗಳು ಕಾಬಾಳೆಯಲ್ಲಿ ಸಿಕ್ಕಿಕೊಂಡು ಪಟಪಟ ಹೊಡೆದುಕೊಳ್ಳುತ್ತಿದ್ದವು, ಅದೊಂದೇ ಸದ್ದು. ಆಗ ಪಂಚಾಯಿತಿಯ ಒಬ್ಬ ಮುದುಕರು ಹೇಳಿದರು, "ಈ ಊರಿನಲ್ಲಿ ಶುದ್ಧ ಎಂದರೆ ಹೋಟೆಲಿನ ಬಾ. ಆಕೆ ಇಲ್ಲಿ ತಿಂದರೆ ನಾವೆಲ್ಲ ತಿನ್ನುತ್ತೇವೆ." ಬಾ ಎಂದರೆ ಇಲ್ಲಿ ತಾಯಿ, ಹಿರಿಯಳು. ಊರೆಲ್ಲ ಅತ್ತೆಯನ್ನು ಕರೆಯುವುದು ಹಾಗೆಯೇ. ಬಾ ಎಲ್ಲಿಯೂ ತಿನ್ನುವುದಿಲ್ಲ ಎನ್ನುವುದೂ ಊರಿಗೆಲ್ಲ ಗೊತ್ತು. ಆ ಮುದುಕರಿಗೂ ಗೊತ್ತಿತ್ತು.

ಅತ್ತೆ ಎಂದಿನ ಹಾಗೆ ಬದಿಯಲ್ಲಿ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಬಾಳೆಹಣ್ಣು ಹಿಡಿದುಕೊಂಡು ಕೂತಿದ್ದರು. ನಾನು ಹತ್ತಿರ ಹೋಗಿ ಮುದುಕರ ಮಾತನ್ನು ಕನ್ನಡದಲ್ಲಿ ಹೇಳಿದೆ. ಹೀಗೆ ಮಾಡಿ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ನನ್ನ ಗಂಡ ಬಗ್ಗಿ, "ಬೇಡ ಅಮ್ಮ. ನಿಮಗೆ ಆಗದ್ದು ಬೇಡ. ಹೋಟೆಲು ಹೋದರೆ ಹೋಯ್ತು, ಉಧ್ನಾದಲ್ಲಿ ಏನಾದರೂ ಸಿಗ್ತದೆ," ಎಂದರು. ಜೀವಮಾನದಲ್ಲಿ ಅವರು ಒಟ್ಟಿಗೆ ಆಡಿದ ಅತಿ ಉದ್ದದ ಮಾತು ಅದು.

"ನೀನು ಸುಮ್ಮನಿರು ಮಾಣಿ," ಎಂದರು ಅತ್ತೆ. ಬಾಳೆಹಣ್ಣನ್ನು ನನ್ನ ಕೈಗೆ ಕೊಟ್ಟರು. ಮೊಣಕಾಲಿನ ಮೇಲೆ ಕೈಯೂರಿ ಎದ್ದು, ಊರಿನವರ ಪಂಕ್ತಿಯಲ್ಲಿ, ತೊಟ್ಟಿಗೆ ಎಲ್ಲರಿಗಿಂತ ಹತ್ತಿರದ ಜಾಗದಲ್ಲಿ, ನೆಲದ ಮೇಲೆ ಕೂತರು.

ಸರ್ಪಂಚ್ ಬೆನ್ ಓಡಿ ಬಂದು ಅವರ ಮುಂದೆ ಮಂಡಿಯೂರಿದರು. ಜಿಲೇಬಿಯ ಒಂದು ತುಂಡು ಮುರಿದು ಅತ್ತೆಯ ಬಾಯಿಯ ಹತ್ತಿರ ಹಿಡಿದು, "ಮಾರಾ ಸಮ್, ಬಾ," ಎಂದರು. ನನ್ನಾಣೆ ಎಂದು. ಆ ದೊಡ್ಡ ಗಂಟಲು ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿದ್ದಿಲ್ಲ. ಅತ್ತೆ ಈ ಸಲ ಮುಖ ಹಿಂದಕ್ಕೆ ತೆಗೆಯಲಿಲ್ಲ. ಬಾಯಿ ತೆರೆದರು.

ಊರಿಗೆ ಊರೇ ಅವರು ಅಗಿಯುವುದನ್ನು ನೋಡುತ್ತಿತ್ತು. ಅತ್ತೆ ನಿಧಾನವಾಗಿ ಅಗಿದು, ನುಂಗಿ, ನನ್ನ ಕಡೆ ತಿರುಗಿದರು. "ಹೇಳು ಅವಳಿಗೆ, ಹಿಟ್ಟು ಹುಳಿ ಬಂದದ್ದು ಸಾಲದು. ಚಳಿಗಾಲದಲ್ಲಿ ಒಂದು ದಿನ ಹೆಚ್ಚು ಇಡ್ಬೇಕು."

ನಾನು ಗುಜರಾತಿಯಲ್ಲಿ ಹೇಳಿದೆ. ಸರ್ಪಂಚ್ ಬೆನ್ ತೊಡೆ ತಟ್ಟಿಕೊಂಡು ನಕ್ಕರು, ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು. ಪಂಕ್ತಿ ಪಂಕ್ತಿಯೇ ನಕ್ಕಿತು, ಕೈಗಳು ತಟ್ಟೆಗೆ ಹೋದವು. ಮೊದಲು ಖಾಲಿಯಾದದ್ದು ಪತ್ರೊಡೆ. ಸಿಮೆಂಟಿನ ಮಾತಾಡಿದ್ದವರು ಸಾಂಬಾರು ಎರಡೆರಡು ಸಲ ಹಾಕಿಸಿಕೊಂಡು, ಬೆಲ್ಲ ಕಡಿಮೆಯಾಯಿತು ಎಂದರು. ಆವತ್ತು ಮಾತ್ರ ನನಗೆ ಸಿಟ್ಟು ಬರಲಿಲ್ಲ. ನನ್ನ ಗಂಡ ಬಡಿಸುವ ಸೌಟು ಹಿಡಿದುಕೊಂಡೇ ಬೇವಿ‌ನ ಮರದ ಹಿಂದೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದರು.

ಸಂಜೆ ಮನೆಗೆ ಮೊದಲು ಬಂದವಳು ನಾನು. ರೂಢಿಯಂತೆ ಸ್ನಾನದ ನೀರು ಕಾಯಲಿಕ್ಕಿಟ್ಟೆ. ಬಾಳೆಹಣ್ಣು ಇನ್ನೂ ನನ್ನ ಕೈಯಲ್ಲೇ ಇತ್ತು, ಬಿಸಿಯಾಗಿ ಮೆತ್ತಗಾಗಿತ್ತು. ಅತ್ತೆ ಮೆಲ್ಲಗೆ ಮೆಟ್ಟಿಲು ಹತ್ತಿ ಬಂದರು. ಬಚ್ಚಲಿನ ಕಡೆ ತಿರುಗದೆ ನೇರವಾಗಿ ಅಡುಗೆಕೋಣೆಗೆ ಹೋಗಿ ಹಾಲಿನ ಪಾತ್ರೆ ಒಲೆಯ ಮೇಲಿಟ್ಟರು. ರಾತ್ರಿಗೆ ಹೆಪ್ಪು ಹಾಕಬೇಕಿತ್ತಲ್ಲ.

"ಅತ್ತೆ, ಸ್ನಾನಕ್ಕೆ ನೀರು ಕಾದಿದೆ," ಎಂದೆ.

"ಎಂತಕ್ಕೆ?" ಎಂದರು, ಪಾತ್ರೆಯ ಮೇಲಿನಿಂದ ಕಣ್ಣು ತೆಗೆಯದೆ. "ನಾನು ಹೊರಗೆ ಎಲ್ಲಿಗೂ ಹೋಗ್ಲಿಲ್ಲ."